ಕ್ಯಾನ್ಸರ್ ನೋವಿಗೆ ಬೆನ್ನಿನ ದಾರಿಯ ಔಷಧ: ಕೊನೆಯ ವಾರದವರೆಗೆ ಕಾಯಬೇಡಿ

ಸಂಪಾದಕರಿಗೆ,

ನಮಸ್ಕಾರ.

ಇಂಡಿ, ಸಿಂದಗಿ, ಮುದ್ದೇಬಿಹಾಳದಿಂದ ವಿಜಯಪುರಕ್ಕೆ, ಜಮಖಂಡಿ, ಹುನಗುಂದದಿಂದ ಬಾಗಲಕೋಟೆಗೆ, ಅಥಣಿ, ರಾಯಬಾಗದಿಂದ ಬೆಳಗಾವಿಗೋ ಮಿರಜಕ್ಕೋ ಕರೆತರುವ ಕ್ಯಾನ್ಸರ್ ರೋಗಿಗಳಲ್ಲಿ ಕೆಲವರು ಕೂಡಲೂ ಆಗದೆ ಮಲಗಲೂ ಆಗದೆ ಗಾಡಿಯ ಸೀಟಿನ ಮೇಲೆ ಮಂಡಿಯೂರಿಕೊಂಡೇ ಬಂದಿರುತ್ತಾರೆ. 'ಎಲ್ಲಾ ಗುಳಿಗಿ ಮುಗದುವ್ರಿ, ಇನ್ನೇನೂ ಉಳದಿಲ್ಲ' ಎಂದು ಜೊತೆಗೆ ಬಂದವರು ಹೇಳುತ್ತಾರೆ. ಉಳಿದಿರುತ್ತದೆ. ಬೆನ್ನುಹುರಿಯ ಸುತ್ತಲಿನ ನೀರಿಗೆ, ಇಲ್ಲವೇ ಆ ನೀರನ್ನು ಹಿಡಿದಿಟ್ಟ ಪೊರೆಯ ಹೊರಗಿನ ಜಾಗಕ್ಕೆ, ಸಣ್ಣ ನಳಿಕೆಯ ಮೂಲಕ ಮಾರ್ಫಿನ್ ಕೊಡುವ ಚಿಕಿತ್ಸೆ ಹೊಸದೇನಲ್ಲ. ಕ್ಯಾನ್ಸರ್ ರೋಗಿಗಳಲ್ಲಿ ಅದು ಫಲ ಕೊಟ್ಟ ವರದಿ 1979ರಲ್ಲೇ ಪ್ರಕಟವಾಗಿದೆ. ದುಃಖದ ಸಂಗತಿಯೆಂದರೆ, ರೋಗಿ ನೋವು ಚಿಕಿತ್ಸಾ ವಿಭಾಗದ ಬಾಗಿಲಿಗೆ ಬರುವ ಹೊತ್ತಿಗೆ ಎಷ್ಟೋ ಸಲ ಆ ದಾರಿ ಮುಚ್ಚಿರುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳ ಎಣಿಕೆ ಕುಸಿದಿರುತ್ತದೆ, ಸೊಂಟದ ಮೇಲೆ ಹಾಸಿಗೆ ಹುಣ್ಣಾಗಿರುತ್ತದೆ, ರಕ್ತಕ್ಕೆ ಸೋಂಕು ಏರಿರುತ್ತದೆ. ತಿಂಗಳು ಮೊದಲು ಬಂದಿದ್ದರೆ ಮಾಡಬಹುದಾಗಿದ್ದ ಕೆಲಸ ಅಂದು ಮಾಡಲಾಗುವುದಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿಯೇ. ರೋಗಿಯ ಮನೆಯವರೂ ತಾಲ್ಲೂಕು ಮಟ್ಟದ ವೈದ್ಯರೂ ಇಬ್ಬರೂ ಓದಲಿ ಎಂಬ ಆಸೆ ನಮ್ಮದು.

ಮೊದಲು ಗುಳಿಗೆಯ ಮಾತು. ನೋವಿರುವ ಕ್ಯಾನ್ಸರ್ ರೋಗಿಗಳಲ್ಲಿ ಬಹುಪಾಲು ಜನರಿಗೆ ಬೆನ್ನಿಗೆ ಸೂಜಿ ಬೇಕಾಗುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ತೋರಿಸಿಕೊಟ್ಟ, ಸಾದಾ ನೋವಿನ ಗುಳಿಗೆಯಿಂದ ಮಾರ್ಫಿನ್‌ವರೆಗೆ ಹಂತಹಂತವಾಗಿ ಏರುವ ಮೂರು ಮೆಟ್ಟಿಲ ಕ್ರಮದಲ್ಲಿ ಬಾಯಿಯಿಂದ ಕೊಡುವ ಔಷಧವೇ ಸಾಕಾಗುತ್ತದೆ, ಸರಿಯಾಗಿ ಕೊಟ್ಟರೆ. ಸಾದಾ ಮಾರ್ಫಿನ್ ಗುಳಿಗೆಯ ಬಲ ಸುಮಾರು 4 ತಾಸು. ಆದ್ದರಿಂದ 4 ತಾಸಿಗೊಮ್ಮೆ ಗಡಿಯಾರ ನೋಡಿ ಕೊಡಬೇಕು. ರಾತ್ರಿ ಎಬ್ಬಿಸುವುದು ಬೇಡವೆಂದರೆ ಮಲಗುವಾಗ ಎರಡು ಪಟ್ಟು ಕೊಡುವ ರೂಢಿ ಇದೆ. ನಡುವೆ ನೋವು ಎದ್ದರೆ ದಿನದ ಒಟ್ಟು ಪ್ರಮಾಣದ ಆರನೇ ಒಂದು ಭಾಗವನ್ನು ಹೆಚ್ಚುವರಿಯಾಗಿ ಕೊಡಬೇಕು. ಹಾಗೆ ಹೆಚ್ಚುವರಿ ಪದೇ ಪದೇ ಬೇಕಾದರೆ ದಿನದ ಪ್ರಮಾಣವನ್ನೇ ಶೇ 30ರಿಂದ 50ರಷ್ಟು ಏರಿಸಬೇಕು. ಮೊದಲ ದಿನದಿಂದಲೇ ಮಲಬದ್ಧತೆಗೆ ಬಿಸಾಕೊಡಿಲ್ ಅಥವಾ ಸೆನ್ನಾ ಜೊತೆಗಿರಬೇಕು. ವಾಂತಿ, ಮಂಪರು ವಾರದೊಳಗೆ ಬಹುತೇಕ ಇಳಿಯುತ್ತವೆ, ಮಲಬದ್ಧತೆ ಮಾತ್ರ ಮಾರ್ಫಿನ್ ಇರುವವರೆಗೂ ಇರುತ್ತದೆ. ಆದರೆ ಚೀಟಿಗಳಲ್ಲಿ ಕಾಣುವುದೇನು? 'ನೋವು ಬಂದಾಗ ಒಂದು' ಎಂದು ಬರೆದಿರುತ್ತದೆ. ಹೊಟ್ಟೆ ಸಡಿಲಿಸುವ ಔಷಧದ ಸುದ್ದಿಯೇ ಇರುವುದಿಲ್ಲ. ಎಂಟು ದಿನ ಶೌಚವಾಗದ ರೋಗಿ 'ಈ ಗುಳಿಗಿ ನನಗ ಆಗಿ ಬರೂದಿಲ್ಲ' ಎಂದು ಬಿಟ್ಟುಬಿಡುತ್ತಾನೆ. ಇನ್ನು ಕೆಲವರು ತಿಂಗಳುಗಟ್ಟಲೆ ಡೈಕ್ಲೋಫೆನಾಕ್ ಎಂಬ ಸಾದಾ ನೋವಿನ ಗುಳಿಗೆಯ ಮೇಲೇ ಇರುತ್ತಾರೆ. ಅದು ಕಿಡ್ನಿಯನ್ನು ಕೆಡಿಸಿದ ಮೇಲೆ ಮಾರ್ಫಿನ್ ಕೊಡುವುದೂ ಕಷ್ಟವಾಗುತ್ತದೆ.

ಮಾರ್ಫಿನ್ ಎಂದೊಡನೆ 'ಅಫೀಮು' ಎಂದು ಮನೆಯವರು ಹೆದರುತ್ತಾರೆ. 'ಮಾರ್ಫಿನ್ ಚಾಲೂ ಆತು ಅಂದ್ರ ಕಡೀ ದಿನ ಬಂದಂಗ' ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ಇದು ಅಫೀಮಿನಿಂದಲೇ ತೆಗೆದದ್ದು ನಿಜ. ಉತ್ತರ ಪ್ರದೇಶ, ಮಧ್ಯಪ್ರದೇಶ, ರಾಜಸ್ಥಾನದಲ್ಲಿ ಸರ್ಕಾರದ ಪರವಾನಗಿಯಲ್ಲಿ ಬೆಳೆಯುವ ಗಸಗಸೆಯ ಅಫೀಮು ಗಾಜಿಪುರ, ನೀಮಚ್‌ನ ಸರ್ಕಾರಿ ಕಾರ್ಖಾನೆಗಳಿಗೆ ಹೋಗುತ್ತದೆ. ಆದರೆ ನೋವಿಗೆ ತಕ್ಕಂತೆ ಅಳೆದು ಕೊಟ್ಟ ಮಾರ್ಫಿನ್ ಸಾವನ್ನು ಬೇಗ ತರುವುದಿಲ್ಲ. ನಿದ್ದೆ, ಊಟ, ಎರಡು ಮಾತು ಆಡುವ ಶಕ್ತಿಯನ್ನು ಮರಳಿ ತರುತ್ತದೆ.

ಹಾಗಾದರೆ ಗುಳಿಗೆ ಯಾರಿಗೆ ಸಾಲುವುದಿಲ್ಲ? ನೋವು ತಗ್ಗುವ ಮೊದಲೇ ಮಂಪರು, ಭ್ರಮೆ, ನಿಲ್ಲದ ವಾಂತಿ ಬರುವವರಿಗೆ. ಪ್ರಮಾಣ ಏರಿಸಿದಷ್ಟೂ ನಿದ್ದೆ ಹೆಚ್ಚಿ, ಎಚ್ಚರವಾದಾಗ ನೋವು ಅಷ್ಟೇ ಇರುವವರಿಗೆ. ಇದು ನಮ್ಮ ಭಾಗದಲ್ಲಿ ಹೆಚ್ಚು ಕಾಣುವುದು ಗರ್ಭಕೋಶದ ಬಾಯಿಯ ಕ್ಯಾನ್ಸರ್ ಮುಂದುವರಿದ ಹೆಣ್ಣುಮಕ್ಕಳಲ್ಲಿ. ಗೆಡ್ಡೆ ಸೊಂಟದೊಳಗಿನ ನರಗಳ ಜಾಲವನ್ನು ಹಿಚುಕುತ್ತದೆ. ತೊಡೆಯಿಂದ ಹಿಮ್ಮಡಿಯವರೆಗೆ ಮೆಣಸಿನಕಾಯಿ ಅರೆದು ಹಚ್ಚಿದಂಥ ಉರಿ. ಅದೇ ಗೆಡ್ಡೆ ಎರಡೂ ಕಡೆಯ ಮೂತ್ರನಾಳವನ್ನು ಒತ್ತಿದಾಗ ಕಿಡ್ನಿ ಸೋಲುತ್ತದೆ, ಅದು ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ಏರುತ್ತದೆ. ಮಾರ್ಫಿನ್ ಯಕೃತ್ತಿನಲ್ಲಿ ಬದಲಾಗಿ ಹುಟ್ಟುವ ವಸ್ತುಗಳು ಮೂತ್ರದಲ್ಲೇ ಹೊರಹೋಗಬೇಕು. ಕಿಡ್ನಿ ನಿಂತರೆ ಅವು ರಕ್ತದಲ್ಲಿ ಉಳಿಯುತ್ತವೆ. ಮೊನ್ನೆಯವರೆಗೆ ಹೊಂದಿಕೊಂಡಿದ್ದ ಅದೇ ಪ್ರಮಾಣಕ್ಕೆ ಇಂದು ರೋಗಿ ತೂಕಡಿಸುತ್ತಾಳೆ, ಕೈಕಾಲು ಚಟ್ ಚಟ್ ಎಂದು ಅದುರುತ್ತವೆ. ಮನೆಯವರು 'ಗುಳಿಗಿ ಹೆಚ್ಚಾತು' ಎಂದು ನಿಲ್ಲಿಸಿದರೆ ನೋವು ಸಹಿಸಲಸಾಧ್ಯ, ಕೊಟ್ಟರೆ ಪ್ರಜ್ಞೆಯಿಲ್ಲ. ಬೆನ್ನಿನ ದಾರಿ ಇಂಥವರಿಗಾಗಿಯೇ ಇದೆ.

ಕಾರಣ ಸರಳ. ಹೊಟ್ಟೆ, ಸೊಂಟ, ಕಾಲಿನ ನೋವಿನ ಸುದ್ದಿ ಮೆದುಳಿಗೆ ಹೋಗುವ ಮೊದಲು ಬೆನ್ನುಹುರಿಯ ಹಿಂಭಾಗದ ಬೂದು ಪದರದಲ್ಲಿ ಒಂದು ಕಟ್ಟೆ ದಾಟಬೇಕು. ಮಾರ್ಫಿನ್ ಹಿಡಿದುಕೊಳ್ಳುವ ಗ್ರಾಹಕಗಳು ಅಲ್ಲಿ ದಟ್ಟವಾಗಿವೆ. ಬಾಯಿಯಿಂದ ಕೊಟ್ಟ ಮಾರ್ಫಿನ್ ಇಡೀ ದೇಹ ಸುತ್ತಿ ಅಲ್ಲಿಗೆ ತಲುಪುವುದು ಅತ್ಯಲ್ಪ. ಅದನ್ನು ಅಲ್ಲಿಯೇ ಇಟ್ಟರೆ ಪ್ರಮಾಣ ಎಷ್ಟು ಇಳಿಯುತ್ತದೆಂದು ನೋಡಿ. ಬಾಯಿಯಿಂದ 300 ಮಿಲಿಗ್ರಾಂ ಕೊಟ್ಟರೆ ಆಗುವ ಕೆಲಸಕ್ಕೆ ರಕ್ತನಾಳಕ್ಕೆ 100, ಪೊರೆಯ ಹೊರಗಿನ ಎಪಿಡ್ಯೂರಲ್ ಜಾಗಕ್ಕೆ 10, ಪೊರೆಯೊಳಗಿನ ನೀರಿಗೆ 1 ಮಿಲಿಗ್ರಾಂ ಸಾಕು ಎಂಬುದು ರೂಢಿಯ ಲೆಕ್ಕ. ಲೆಕ್ಕ ಅಂದಾಜಿನದು, ದೇಹದಿಂದ ದೇಹಕ್ಕೆ ವ್ಯತ್ಯಾಸವಿದೆ. ಅದಕ್ಕೇ ಲೆಕ್ಕದ ಅರ್ಧದಿಂದ ಶುರು ಮಾಡಿ ಏರಿಸುತ್ತಾರೆ. ಬಾಯಿಯ ಮಾರ್ಫಿನ್ನನ್ನು ಅಂದೇ ಪೂರ್ತಿ ಕಡಿಯುವುದೂ ಇಲ್ಲ, ಅರ್ಧಕ್ಕಿಳಿಸಿ ದಿನದಿನಕ್ಕೆ ಕಡಿಮೆ ಮಾಡುತ್ತಾರೆ. ಒಮ್ಮೆಲೇ ಕಡಿದರೆ ಆಕಳಿಕೆ, ಮೂಗು ಸೋರುವುದು, ಬೆವರು, ಮೈ ಮುಳ್ಳೇಳುವುದು, ಹೊಟ್ಟೆ ಮುರಿತ, ಭೇದಿ ಶುರುವಾಗುತ್ತವೆ.

ನರದ ಉರಿನೋವಿಗೆ ಮಾರ್ಫಿನ್ ಒಂದೇ ಸಾಲದು. ಜೊತೆಗೆ ಬುಪಿವಕೈನ್ ಎಂಬ ಮರಗಟ್ಟಿಸುವ ಔಷಧವನ್ನು ಬಹಳ ತೆಳುವಾಗಿ ಸೇರಿಸುತ್ತಾರೆ. ನೋವು ತಡೆಯಬೇಕು, ಕಾಲಿನ ಬಲ ಉಳಿಯಬೇಕು, ರಕ್ತದೊತ್ತಡ ಬೀಳಬಾರದು. ಈ ಮೂರರ ನಡುವೆ ತೂಗಿಸುವುದೇ ಕೌಶಲ.

ಈ ಔಷಧವನ್ನು ಒಳಗೆ ಹರಿಸಲು ಎರಡು ಏರ್ಪಾಟುಗಳಿವೆ. ಒಂದು, ಪೂರ್ತಿ ಚರ್ಮದೊಳಗೆ ಇರಿಸುವ ಪಂಪ್. ಟೈಟಾನಿಯಂ ಕವಚದ, ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರದ ಡಬ್ಬಿ. ಒಳಗೆ 20 ಅಥವಾ 40 ಮಿ.ಲೀ. ಔಷಧ ಹಿಡಿಯುವ ಚೀಲ, ಬ್ಯಾಟರಿ, ಹನಿಹನಿಯಾಗಿ ದೂಡುವ ಚಕ್ರ. ಹೊಟ್ಟೆಯ ಚರ್ಮದಡಿ ಜೇಬು ಮಾಡಿ ಕೂರಿಸುತ್ತಾರೆ, ಹೊರಗಿನಿಂದ ಒಂದು ಉಪಕರಣ ಹಿಡಿದು ಪ್ರಮಾಣ ಬದಲಿಸುತ್ತಾರೆ. 2002ರಲ್ಲಿ ಪ್ರಕಟವಾದ, 202 ಕ್ಯಾನ್ಸರ್ ರೋಗಿಗಳನ್ನು ಒಳಗೊಂಡ ಅಧ್ಯಯನದಲ್ಲಿ ನಾಲ್ಕು ವಾರಗಳ ಹೊತ್ತಿಗೆ ಪಂಪ್ ಸೇರಿಸಿಕೊಂಡ ಗುಂಪಿನಲ್ಲಿ ಶೇ 84.5 ಜನರಿಗೆ, ಒಳ್ಳೆಯ ಔಷಧೋಪಚಾರ ಮಾತ್ರ ಪಡೆದ ಗುಂಪಿನಲ್ಲಿ ಶೇ 70.8 ಜನರಿಗೆ ಚಿಕಿತ್ಸೆ ಫಲಿಸಿತ್ತು. ಅದಕ್ಕಿಂತ ಮುಖ್ಯವಾದ ಅಂಕಿ ಇನ್ನೊಂದು. ಔಷಧದ ಅಡ್ಡಪರಿಣಾಮಗಳು ಪಂಪ್ ಗುಂಪಿನಲ್ಲಿ ಶೇ 50ರಷ್ಟು ಇಳಿದರೆ ಮತ್ತೊಂದರಲ್ಲಿ ಇಳಿದದ್ದು ಶೇ 17ರಷ್ಟು. ಎಚ್ಚರವಾಗಿದ್ದು ಮೊಮ್ಮಕ್ಕಳನ್ನು ಗುರುತಿಸುವುದಕ್ಕೂ ಮಂಪರಿನಲ್ಲಿ ದಿನ ಕಳೆಯುವುದಕ್ಕೂ ಇರುವ ಅಂತರ ಅದು. ಆದರೆ ಈ ಪಂಪಿಗೆ ಲಕ್ಷಗಟ್ಟಲೆ ರೂಪಾಯಿ ಬೇಕು. ಮೂರು ತಿಂಗಳಿಗಿಂತ ಹೆಚ್ಚು ಬದುಕುವ ನಿರೀಕ್ಷೆಯಿದ್ದರಷ್ಟೇ ಅದನ್ನು ಸೂಚಿಸುತ್ತಾರೆ.

ಎರಡನೆಯದು ನಮ್ಮ ಜಿಲ್ಲೆಗಳಿಗೆ ಹೊಂದುವಂಥದ್ದು, ಇದರ ಬಗ್ಗೆಯೇ ಹೆಚ್ಚು ಹೇಳಬೇಕು. ಕೆಥೆಟರ್ ಎಂಬ ನಳಿಕೆ ಮಾತ್ರ ಒಳಗೆ, ಔಷಧ ದೂಡುವ ಸಾಧನ ಹೊರಗೆ. ಹೆರಿಗೆ ನೋವಿಗೆ, ಶಸ್ತ್ರಚಿಕಿತ್ಸೆಗೆ ಅರಿವಳಿಕೆ ತಜ್ಞರು ದಿನನಿತ್ಯ ಹಾಕುವ ಎಪಿಡ್ಯೂರಲ್ ಕೆಥೆಟರನ್ನೇ ಇಲ್ಲಿ ಚರ್ಮದಡಿ ಸುರಂಗ ಮಾಡಿ ದೂರಕ್ಕೆ ಒಯ್ಯುತ್ತಾರೆ. ವೈದ್ಯಕೀಯ ಕಾಲೇಜಿರುವ ಊರುಗಳಲ್ಲಿ ಇದಕ್ಕೆ ಬೇಕಾದ ಕೈಗಳೂ ಇವೆ, ಸಾಮಾನೂ ಇದೆ.

ಕೆಲಸ ಹೀಗೆ ನಡೆಯುತ್ತದೆ. ರೋಗಿಯನ್ನು ಮಗ್ಗುಲಾಗಿ, ಮೊಣಕಾಲು ಹೊಟ್ಟೆಗೆ ಹತ್ತುವಂತೆ ಮಲಗಿಸುತ್ತಾರೆ. ನೋವಿನಿಂದ ಹಾಗೆ ಮಡಚಿಕೊಳ್ಳಲಾಗದಿದ್ದರೆ ಮೊದಲು ರಕ್ತನಾಳದ ಮೂಲಕ ನೋವು ಇಳಿಸಿಕೊಂಡೇ ಮುಂದುವರಿಯಬೇಕು, ಬಲವಂತ ಕೂಡದು. ಕೊರೆಯುವ ಅರ್ಧ ತಾಸು ಮೊದಲು ಪ್ರತಿಜೀವಕ. ಚರ್ಮದ ಕೀಟಾಣು ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಹಚ್ಚಿದ ಮೇಲೆ ಅದು ಪೂರ್ತಿ ಒಣಗುವವರೆಗೆ ಕಾಯಬೇಕು, ಹಸಿಯಿದ್ದಾಗ ಸೂಜಿಯ ಜೊತೆ ಒಳಹೋದರೆ ನರಕ್ಕೆ ವಿಷ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೇ ಮಣಿಯ ಹತ್ತಿರ ಮುಗಿಯುತ್ತದೆ. ನೀರಿಗೆ ಹೋಗುವ ಸೂಜಿಯನ್ನು ಅದಕ್ಕಿಂತ ಕೆಳಗೆ ಚುಚ್ಚುವುದರಿಂದ 'ಬೆನ್ನಾಗ ಸೂಜಿ ಹಾಕಿದ್ರ ಲಕ್ವಾ ಹೊಡಿತೈತಿ' ಎಂಬ ಭಯಕ್ಕೆ ಆಧಾರವಿಲ್ಲ. ತುದಿ ಬಾಗಿದ 18 ಗೇಜಿನ ಟುವಿ ಸೂಜಿಗೆ ನೀರು ತುಂಬಿದ ಸಿರಿಂಜು ಸಿಕ್ಕಿಸಿ ಮೆಲ್ಲಗೆ ಒತ್ತುತ್ತ ಸಾಗುತ್ತಾರೆ. ಹಳದಿ ಅಸ್ಥಿರಜ್ಜು ದಾಟಿದ ಕ್ಷಣ ಅಲ್ಲಿಯವರೆಗೆ ಬಿಗಿಯಾಗಿದ್ದ ಪಿಸ್ಟನ್ ಬೆರಳಿನಡಿ ತಟ್ಟನೆ ಸಡಿಲಾಗುತ್ತದೆ. ಅದೇ ಎಪಿಡ್ಯೂರಲ್ ಜಾಗ. ಸಾಮಾನ್ಯ ಮೈಕಟ್ಟಿನವರಲ್ಲಿ ಅದು ಚರ್ಮದಿಂದ 4ರಿಂದ 5 ಸೆಂ.ಮೀ. ಒಳಗೆ ಸಿಗುತ್ತದೆ. ಮೈಯಿಳಿದ ಕ್ಯಾನ್ಸರ್ ರೋಗಿಯಲ್ಲಿ 3ಕ್ಕೇ ಸಿಕ್ಕಿಬಿಡಬಹುದು, ಅಭ್ಯಾಸದ ಆಳ ನಂಬಿದ ಕೈ ಪೊರೆ ತೂತು ಮಾಡುತ್ತದೆ. ನೀರಿನೊಳಗೇ ಹೋಗುವುದಾದರೆ ಸೂಜಿಯ ಹಿಂಬದಿಯಿಂದ ತಿಳಿನೀರು ಹನಿಯುವುದನ್ನು ಕಣ್ಣಾರೆ ಕಂಡ ಮೇಲೆಯೇ ಕೆಥೆಟರ್ ಹಾಕುತ್ತಾರೆ.

ತುದಿ ಎಲ್ಲಿ ನಿಲ್ಲಬೇಕೆಂಬುದನ್ನು ನೋವಿನ ಜಾಗ ಹೇಳುತ್ತದೆ. ತಾಸಿಗೆ ಹನಿಹನಿಯಾಗಿ ಹೋಗುವ ಔಷಧ ನೀರಿನಲ್ಲಿ ಬಹಳ ದೂರ ಹರಡುವುದಿಲ್ಲ, ತುದಿಯ ಆಚೀಚೆ ಕೆಲವೇ ಸೆಂಟಿಮೀಟರ್. ಮೇದೋಜೀರಕದ ನೋವಿಗೆ ತುದಿ ಎದೆಯ ನಡುಮಣಿಗಳ ಮಟ್ಟದಲ್ಲಿ, ಸೊಂಟದೊಳಗಿನ ನೋವಿಗೆ ಎದೆಯ ಕೆಳಮಣಿಗಳ ಮಟ್ಟದಲ್ಲಿ ಇರಬೇಕು. ಎಕ್ಸ್‌ರೇ ಪರದೆಯ ಮೇಲೆ ನೋಡಿ ಕೂರಿಸದೆ ಅಂದಾಜಿನಲ್ಲಿ ಬಿಟ್ಟರೆ 'ಬೆನ್ನಿಗೆ ಹಾಕಿದರೂ ಗುಣವಾಗಲಿಲ್ಲ' ಎಂಬ ದೂರು ಬರುವುದು ಈ ಕಾರಣಕ್ಕೆ.

ಸೂಜಿ ಹೊರತೆಗೆಯುವ ಮೊದಲು ಅದರ ಸುತ್ತ ಚೀಲದ ಬಾಯಿ ಕಟ್ಟುವ ದಾರದಂತೆ ಒಂದು ಹೊಲಿಗೆ ಹಾಕಿ ಬಿಗಿಯುತ್ತಾರೆ. ಇಲ್ಲದಿದ್ದರೆ ಕೆಥೆಟರಿನ ಪಕ್ಕದಿಂದ ನೀರು ಸೋರಿ, ಎದ್ದು ಕೂತಾಗಲೆಲ್ಲ ತಲೆ ಸಿಡಿಯುತ್ತದೆ. ಬೆನ್ನಿನ ಸ್ನಾಯುಪೊರೆಗೆ ಕೆಥೆಟರನ್ನು ಬಿಗಿದು, ಒಂದು ಸಡಿಲ ಸುತ್ತು ಬಿಟ್ಟು, ಚರ್ಮದಡಿಯಿಂದ ಪಕ್ಕೆಯ ಮೂಲಕ ಹೊಟ್ಟೆಯ ಮುಂಭಾಗಕ್ಕೆ ತಂದು ಹೊರತೆಗೆಯುತ್ತಾರೆ. ಆ ಸಡಿಲ ಸುತ್ತು ಬಹಳ ಮುಖ್ಯ, ರೋಗಿ ಬಗ್ಗಿದಾಗ ಎಳೆತವನ್ನು ಅದು ನುಂಗುತ್ತದೆ. ಸುರಂಗದಿಂದ ಎರಡು ಲಾಭ: ಹೊರಬಾಯಿಯ ಕೀಟಾಣು ಬೆನ್ನುಹುರಿಗೆ ತಲುಪುವ ದಾರಿ ಉದ್ದವಾಗುತ್ತದೆ, ರೋಗಿ ಅಂಗಾತ ಮಲಗಬಹುದು. ತುದಿಗೆ 0.2 ಮೈಕ್ರಾನ್ ಫಿಲ್ಟರ್. ಹೊರತುದಿಯ ಬದಲು ಚರ್ಮದಡಿ ಪೋರ್ಟ್ ಎಂಬ ಗುಂಡಿ ಇಟ್ಟು, ಅದಕ್ಕೆ ಸೂಜಿ ಚುಚ್ಚಿ ಔಷಧ ಕೊಡುವ ಕ್ರಮವೂ ಇದೆ.

ಔಷಧ ಬೆರೆಸುವ ಮೇಜಿನ ಮೇಲೆ ಆಗುವ ತಪ್ಪಿನಷ್ಟು ಭಯಂಕರವಾದದ್ದು ಈ ಚಿಕಿತ್ಸೆಯಲ್ಲಿ ಬೇರೊಂದಿಲ್ಲ. ಎಪಿಡ್ಯೂರಲ್‌ಗೆ ರೂಢಿಯ ಒಂದು ಮಿಶ್ರಣ ನೋಡಿ: ಶೇ 0.5ರ ಸಾದಾ ಬುಪಿವಕೈನ್ 12.5 ಮಿ.ಲೀ., ಸಂರಕ್ಷಕ (ಔಷಧ ಕೆಡದಂತೆ ಹಾಕುವ ರಾಸಾಯನಿಕ) ಬೆರೆಸದ ಮಾರ್ಫಿನ್ 10 ಮಿ.ಗ್ರಾಂ ಅಂದರೆ 1 ಮಿ.ಲೀ., ಉಳಿದ 36.5 ಮಿ.ಲೀ. ಸಲೈನ್. ಒಟ್ಟು 50 ಮಿ.ಲೀ., ತಾಸಿಗೆ 2 ಮಿ.ಲೀ.ನಂತೆ ಒಂದು ದಿನಕ್ಕೆ ಸಾಲುತ್ತದೆ. ಬುಪಿವಕೈನ್ ಇದರಲ್ಲಿ ಶೇ 0.125ಕ್ಕೆ ಇಳಿದಿರುತ್ತದೆ. ಇದು ಪೊರೆಯ ಹೊರಗಿನ ಲೆಕ್ಕ. ಇದೇ ಸಿರಿಂಜನ್ನು ಪೊರೆಯೊಳಗಿನ ಕೆಥೆಟರಿಗೆ ಜೋಡಿಸಿದರೆ ಹತ್ತು ಪಟ್ಟು ಮಾರ್ಫಿನ್ ಹೋದಂತೆ, ಉಸಿರು ನಿಲ್ಲುತ್ತದೆ. ಆದ್ದರಿಂದ ಕೆಥೆಟರ್ ಎಲ್ಲಿದೆ ಎಂಬುದನ್ನು ನಳಿಕೆಯ ಮೇಲೆ, ಕೇಸ್‌ಶೀಟಿನ ಮೇಲೆ, ಮನೆಗೆ ಕೊಡುವ ಚೀಟಿಯ ಮೇಲೆ, ಮೂರೂ ಕಡೆ ಕನ್ನಡದಲ್ಲಿ ಬರೆಯಬೇಕು. 'ಹೆವಿ' ಎಂದು ಕರೆಯುವ, ಸಕ್ಕರೆ ಬೆರೆಸಿದ ಬುಪಿವಕೈನ್ ಈ ಮಿಶ್ರಣಕ್ಕಲ್ಲ. ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್‌ನ ಆಂಪೂಲ್ (ಕುತ್ತಿಗೆ ಮುರಿದು ತೆರೆಯುವ ಸಣ್ಣ ಸೀಸೆ) ನೋಡಲು ಎಷ್ಟೋ ಸಲ ಬುಪಿವಕೈನ್ ಆಂಪೂಲಿನಂತೆಯೇ ಇರುತ್ತದೆ. ಅದು ಬೆನ್ನುನೀರಿಗೆ ಹೋದರೆ ತಡೆಯಿಲ್ಲದ ಸೆಳೆತ, ಸಾವು. ಇಂಥ ದುರಂತಗಳು ಹಲವು ದೇಶಗಳಲ್ಲಿ ವರದಿಯಾಗಿವೆ. ಎರಡೂ ಆಂಪೂಲ್ ಒಂದೇ ಟ್ರೇಯಲ್ಲಿ ಇರಕೂಡದು. ಒಬ್ಬರು ಹೆಸರು ಗಟ್ಟಿಯಾಗಿ ಓದಿ ಇನ್ನೊಬ್ಬರು ನೋಡಿದ ಮೇಲೆಯೇ ಕುತ್ತಿಗೆ ಮುರಿಯಬೇಕು. ಸಂರಕ್ಷಕ ಬೆರೆಸಿದ ಮಾರ್ಫಿನ್ ಸ್ನಾಯುವಿಗೆ ಸರಿ, ಬೆನ್ನಿಗೆ ಕೂಡದು. 'ಇವತ್ತೊಂದಿನ ನಡೀತೈತಿ' ಎನ್ನುವಂತಿಲ್ಲ.

ಮೊದಲ ದಿನ ರೋಗಿ ಆಸ್ಪತ್ರೆಯಲ್ಲೇ. ಬೆನ್ನುನೀರಿಗೆ ಕೊಟ್ಟ ಮಾರ್ಫಿನ್ ನಿಧಾನವಾಗಿ ಮೇಲೇರಿ ಉಸಿರಾಟದ ಕೇಂದ್ರ ತಲುಪುವುದಕ್ಕೆ ತಾಸುಗಳು ಬೇಕು. ಹಾಗಾಗಿ ಸಂಜೆ ಚೆನ್ನಾಗಿದ್ದವರಿಗೆ ನಡುರಾತ್ರಿ ಉಸಿರು ಕುಗ್ಗಬಹುದು. ಮೊದಲ 12 ತಾಸು ತಾಸಿಗೊಮ್ಮೆ, ಮುಂದಿನ 12 ತಾಸು ಎರಡು ತಾಸಿಗೊಮ್ಮೆ ಉಸಿರನ್ನು ಒಂದು ನಿಮಿಷ ಪೂರ್ತಿ ಎಣಿಸಬೇಕು. ಬೆರಳಿಗೆ ಸಿಕ್ಕಿಸುವ ಯಂತ್ರದ ಮೇಲೆ ಮಾತ್ರ ಭರವಸೆ ಇಡಬಾರದು, ಆಮ್ಲಜನಕ ಹಚ್ಚಿದ್ದರೆ ಅದು ತಡವಾಗಿ ಕೂಗುತ್ತದೆ. ಉಸಿರಿಗಿಂತ ಮೊದಲು ಬರುವುದು ಮಂಪರು. ಕರೆದರೆ ಕಣ್ಣು ತೆರೆದು ಮಾತಿನ ನಡುವೆಯೇ ಮತ್ತೆ ಜಾರಿದರೆ ಆಗಲೇ ಎಚ್ಚರವಾಗಬೇಕು. ನಿಮಿಷಕ್ಕೆ ಎಂಟಕ್ಕಿಂತ ಕೆಳಗಿಳಿದರೆ ಹರಿವು ನಿಲ್ಲಿಸಿ, ಮಾರ್ಫಿನ್ನಿನ ಪರಿಣಾಮ ಇಳಿಸುವ ನಲಾಕ್ಸೋನ್ 400 ಮೈಕ್ರೋಗ್ರಾಂನ ಆಂಪೂಲನ್ನು 10 ಮಿ.ಲೀ.ಗೆ ತೆಳುಮಾಡಿ, 1ರಿಂದ 2 ಮಿ.ಲೀ.ಯಷ್ಟನ್ನು ಎರಡು ಮೂರು ನಿಮಿಷಕ್ಕೊಮ್ಮೆ, ಉಸಿರು ಹತ್ತು ದಾಟುವವರೆಗೆ ಕೊಡಬೇಕು. ಆಂಪೂಲನ್ನು ಒಟ್ಟಿಗೇ ತಳ್ಳಿದರೆ ನೋವು ಒಮ್ಮೆಲೇ ಮರಳಿ ರೋಗಿ ಚೀರುತ್ತಾನೆ. ನಲಾಕ್ಸೋನಿನ ಬಲ ಮಾರ್ಫಿನ್ನಿಗಿಂತ ಬೇಗ ಮುಗಿಯುವುದರಿಂದ ಎದ್ದು ಕೂತರೆಂದು ಬಿಟ್ಟು ಹೋಗಬಾರದು. ಮೂಗು, ಮುಖ ತುರಿಸುವುದು, ಮೂತ್ರ ಕಟ್ಟುವುದು ಸಾಮಾನ್ಯ, ಅವಕ್ಕೆ ಉಪಾಯವಿದೆ.

ನೋವು ಎಷ್ಟು ಇಳಿಯಿತು ಎಂದು ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಕೇಳುವುದು ಪುಸ್ತಕದ ಕ್ರಮ. ನಮ್ಮ ಕಡೆ ಹಿರಿಯರಿಗೆ ಅದು ಹತ್ತುವುದಿಲ್ಲ. 'ಹದಿನಾರಾಣೆಯೊಳಗ ಎಷ್ಟಾಣೆ ಕಮ್ಮಿ ಆತಬೇ?' ಎಂದು ಕೇಳಿ, 'ಹನ್ನೆರಡಾಣೆ ಹೋತು' ಎಂಬ ಖಚಿತ ಉತ್ತರ ಬರುತ್ತದೆ. ಎಂಟಾಣೆಗಿಂತ ಹೆಚ್ಚು ಇಳಿದರೆ ಪರೀಕ್ಷೆ ಗೆದ್ದಂತೆ, ಪಂಪ್ ಕೂರಿಸುವ ಯೋಚನೆ ಆಮೇಲೆ ಮಾಡಬಹುದು.

ಮನೆಗೆ ಹೋದ ಮೇಲಿನ ತೊಂದರೆಗಳಲ್ಲಿ ನಮ್ಮ ಬಿಸಿಲು ದೊಡ್ಡದು. ವಿಜಯಪುರದ ಏಪ್ರಿಲ್-ಮೇ ತಿಂಗಳ ಬೆವರಿಗೆ ಅಂಟುಪಟ್ಟಿ ಎರಡೇ ದಿನಕ್ಕೆ ಅಂಚಿನಿಂದ ಏಳುತ್ತದೆ, ಎದ್ದ ಅಂಚಿನಿಂದ ಕೊಳೆ ಒಳಸೇರುತ್ತದೆ. ಪಟ್ಟಿ ಒದ್ದೆಯಾದರೆ ದಿನ ನೋಡದೆ ಬದಲಿಸಬೇಕು. ಕರೆಂಟು ಹೋದಾಗ ಸಿರಿಂಜ್ ಪಂಪಿನ ಬ್ಯಾಟರಿ ಕೆಲವು ತಾಸು ತಡೆದೀತು, ಅದು ಪೂರ್ತಿ ಚಾರ್ಜ್ ಆಗಿದೆಯೇ ಎಂದು ದಿನವೂ ನೋಡಬೇಕು. ಕರೆಂಟು ಬೇಡದ, ರಬ್ಬರ್ ಚೀಲದ ಒತ್ತಡದಿಂದ ನಡೆಯುವ ಪಂಪ್ ಹಳ್ಳಿಗೆ ಅನುಕೂಲ. ಆದರೆ ಅದನ್ನು ಬಿಸಿಲಿಗಿಟ್ಟರೆ ದ್ರವ ತೆಳುವಾಗಿ ಹರಿವು ಹೆಚ್ಚುತ್ತದೆ. ರೋಗಿಯ ಪಕ್ಕದಲ್ಲಿ, ನೆರಳಲ್ಲಿ, ಮೈಯ ಮಟ್ಟದಲ್ಲೇ ಇರಲಿ. ಜೋಡಣೆ ಕಳಚಿಬಿದ್ದರೆ ಒರೆಸಿ ಮತ್ತೆ ಸಿಕ್ಕಿಸಬೇಡಿ. ಕೆಥೆಟರನ್ನು ಮಡಚಿ ಕ್ಲಿಪ್ ಹಾಕಿ, ಶುದ್ಧ ಗಾಜ್ ಸುತ್ತಿ ಫೋನ್ ಮಾಡಿ. ಜ್ವರ, ಕುತ್ತಿಗೆ ಬಿಗಿತ, ಹೊರಬಾಯಿಯಲ್ಲಿ ಕೀವು ಕಂಡರೆ ಅಂದೇ ಬರಬೇಕು. ಬೆನ್ನಿನಲ್ಲಿ ಹೊಸದಾಗಿ ನೋವು ಹುಟ್ಟಿ ಕಾಲು ಸೋಲತೊಡಗಿದರೆ ಅದು ಒಳಗಿನ ಕೀವುಗಟ್ಟೋ ರಕ್ತಗಟ್ಟೋ ಇರಬಹುದು. ತಾಸುಗಳ ಲೆಕ್ಕ, ಬೆಳಗಿನ ಬಸ್ಸಿಗೆ ಕಾಯುವಂತಿಲ್ಲ. ನೋವು ಇದ್ದಕ್ಕಿದ್ದಂತೆ ಮರಳಿ ಜೊತೆಗೆ ಆಕಳಿಕೆ, ಬೆವರು ಬಂದರೆ ಕೆಥೆಟರ್ ಮಡಚಿದೆ ಇಲ್ಲವೇ ಜಾರಿದೆ ಎಂದರ್ಥ.

ಒಳಗಿರಿಸಿದ ಪಂಪಿಗೆ ಮತ್ತೆ ಔಷಧ ತುಂಬಿಸುವ ದಿನದ ಲೆಕ್ಕ ಮನೆಯವರಿಗೂ ಗೊತ್ತಿರಬೇಕು. 20 ಮಿ.ಲೀ.ಯಲ್ಲಿ 2 ಮಿ.ಲೀ. ಮೀಸಲು ಬಿಟ್ಟರೆ 18. ಮಿ.ಲೀ.ಗೆ 2 ಮಿ.ಗ್ರಾಂ ಇದ್ದರೆ ಒಟ್ಟು 36 ಮಿ.ಗ್ರಾಂ. ದಿನಕ್ಕೆ 1 ಮಿ.ಗ್ರಾಂ ಹೋಗುತ್ತಿದ್ದರೆ 36 ದಿನ. ಜಾತ್ರೆ, ಮದುವೆ, ಸುಗ್ಗಿ ಎಂದು ಆ ದಿನ ಮುಂದೂಡುವಂತಿಲ್ಲ. ತುಂಬಿಸುವಾಗ ಸೂಜಿ ಪಂಪಿನ ನಡುವಿನ ರಬ್ಬರ್ ಗುಂಡಿಗೆ ಹೋಗದೆ ಪಕ್ಕದ ಜೇಬಿಗೆ ಹೋದರೆ ತಿಂಗಳ ಔಷಧ ಚರ್ಮದಡಿ ಚೆಲ್ಲಿದಂತೆ. ಅದಕ್ಕೇ ಮೊದಲು ಹಳೆಯದನ್ನು ಪೂರ್ತಿ ಎಳೆದು ಅಳೆಯುತ್ತಾರೆ. ಯಂತ್ರ ತೋರಿಸುವ ಉಳಿಕೆಗೂ ಸಿರಿಂಜಿನಲ್ಲಿ ಬಂದದ್ದಕ್ಕೂ ತಾಳೆಯಾಗದಿದ್ದರೆ ತುಂಬಿಸುವುದನ್ನು ನಿಲ್ಲಿಸಿ ಕಾರಣ ಹುಡುಕಬೇಕು. ತುಂಬಿಸಿದ ಮೇಲೆ ರೋಗಿ ಸ್ವಲ್ಪ ಹೊತ್ತು ಕಣ್ಣಳತೆಯಲ್ಲೇ ಇರಬೇಕು.

ಎಲ್ಲ ನೋವಿಗೂ ಬೆನ್ನಿನ ದಾರಿ ಸರಿಯಲ್ಲ. ತಂಬಾಕು, ಗುಟ್ಕಾದಿಂದ ನಮ್ಮಲ್ಲಿ ಹೆಚ್ಚಿರುವ ಬಾಯಿ ಕ್ಯಾನ್ಸರಿನ ನೋವು ಮುಖದ ನರಗಳದ್ದು, ಸೊಂಟದಲ್ಲಿ ಹಾಕಿದ ಕೆಥೆಟರ್ ಅಲ್ಲಿಗೆ ಹೆಚ್ಚು ನೆರವಾಗದು. ಮೂಳೆಯ ಒಂದೇ ಜಾಗದ ನೋವಿಗೆ 8 ಗ್ರೇ (ವಿಕಿರಣದ ಅಳತೆ) ಪ್ರಮಾಣದ ಒಂದೇ ಸಲದ ವಿಕಿರಣ ಎಷ್ಟೋ ಜನರಿಗೆ ಸಾಕಾಗುತ್ತದೆ. ಮೇದೋಜೀರಕದ ನೋವಿಗೆ ಹೊಟ್ಟೆಯ ಹಿಂಭಾಗದ ನರಗಂಟಿಗೆ ಮದ್ಯಸಾರ ಚುಚ್ಚುವುದನ್ನು ಮೊದಲು ಯೋಚಿಸಬೇಕು.

ಬೆನ್ನಿನ ದಾರಿ ಬೇಕೇ ಬೇಕೆನ್ನುವವರಿಗೂ ಅದು ಎಂದಿಗೂ ತೆರೆದೇ ಇರುವುದಿಲ್ಲ. ಕಿಮೋ ಆದ ಎರಡನೇ ವಾರದ ಸುಮಾರಿಗೆ ಪ್ಲೇಟ್‌ಲೆಟ್ ಕೆಳಗಿರುತ್ತದೆ. ಒಂದು ಲಕ್ಷಕ್ಕಿಂತ ಕಡಿಮೆಯಿದ್ದರೆ ಹಿಂದೆಮುಂದೆ ನೋಡಬೇಕು, 50 ಸಾವಿರಕ್ಕಿಂತ ಕಡಿಮೆಯಿದ್ದರೆ ಕೈಹಾಕುವಂತಿಲ್ಲ. ಗೆಡ್ಡೆ ಬೆನ್ನುಮಣಿಗೆ ಹಬ್ಬಿ ನೀರಿನ ದಾರಿ ಕಟ್ಟಿದೆಯೇ ಎಂದು ತಿಳಿಯಲು ಎಂಆರ್‌ಐ ಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ಇವನ್ನೆಲ್ಲ ಸರಿಪಡಿಸಿಕೊಳ್ಳಲು ಎರಡು ಮೂರು ವಾರ ಬೇಕು, ಕೊನೆಯ ವಾರದಲ್ಲಿ ಬಂದವರ ಬಳಿ ಅದೇ ಇರುವುದಿಲ್ಲ. ಆದ್ದರಿಂದ ತಾಲ್ಲೂಕಿನ ವೈದ್ಯಮಿತ್ರರಲ್ಲಿ ಕೇಳಿಕೊಳ್ಳುತ್ತೇವೆ: ಮಾರ್ಫಿನ್ ಎರಡು ಸಲ ಏರಿಸಿದರೂ ನೋವು ಬಗ್ಗದಿದ್ದರೆ, ಇಲ್ಲವೇ ಏರಿಸಿದಾಗ ಮಂಪರು ಬಂದರೆ, ಅಂದೇ ಕಳಿಸಿ. ರೋಗಿ ನಡೆದಾಡುತ್ತಿರುವಾಗಲೇ ಕಳಿಸಿ.

ಸರ್ಕಾರ ಮಾಡಬೇಕಾದದ್ದೂ ಇದೆ. 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟಿದ್ದವು. 2014ರ ತಿದ್ದುಪಡಿ ಅದನ್ನು ಸಡಿಲಿಸಿತು. ಮಾರ್ಫಿನ್, ಫೆಂಟಾನಿಲ್, ಮೆಥಡೋನ್ ಸೇರಿ ಆರು ಔಷಧಗಳಿಗೆ ಈಗ ಹಲವು ಪರವಾನಗಿ ಬೇಕಿಲ್ಲ. ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದು, ತರಬೇತಾದ ವೈದ್ಯರೊಬ್ಬರು ಇದ್ದು, ದಾಖಲೆ ಪುಸ್ತಕ ಸರಿಯಾಗಿಟ್ಟರೆ ಸಾಕು. ಮೂರೂ ಜಿಲ್ಲೆಗಳ ತಾಲ್ಲೂಕು ಆಸ್ಪತ್ರೆಗಳು ಈ ಮಾನ್ಯತೆ ಪಡೆಯಬೇಕು. ಮಾರ್ಫಿನ್ ಗುಳಿಗೆಗಾಗಿ ರೋಗಿಯ ಮಗ ದಿನಗೂಲಿ ಬಿಟ್ಟು ಹುಬ್ಬಳ್ಳಿಗೋ ಸೊಲ್ಲಾಪುರಕ್ಕೋ ಅಲೆಯುವುದು ನಿಲ್ಲಬೇಕು. ಸಂರಕ್ಷಕ ಬೆರೆಸದ ಮಾರ್ಫಿನ್, ಫಿಲ್ಟರ್, ರಬ್ಬರ್ ಚೀಲದ ಪಂಪು ಇವು ಜಿಲ್ಲಾ ಔಷಧ ಉಗ್ರಾಣದಲ್ಲಿ ಸದಾ ಇರಬೇಕು. ರಾತ್ರಿ ಫೋನ್ ಎತ್ತುವ ಒಬ್ಬ ತರಬೇತಾದ ದಾದಿ ಪ್ರತಿ ತಾಲ್ಲೂಕಿಗೆ ಬೇಕು. ಈ ಕೊನೆಯದು ಇಲ್ಲದೆ ಕೆಥೆಟರ್ ಹಾಕಿ ಮನೆಗೆ ಕಳಿಸುವುದು ಅಪಾಯ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಬರುವಾಗ ಮನೆಯವರು ತರಬೇಕಾದದ್ದು ಇಷ್ಟು: ಬಯಾಪ್ಸಿ ವರದಿ, ಕೊನೆಯ ಸ್ಕ್ಯಾನಿನ ಫಿಲ್ಮು (ಬರೀ ವರದಿ ಸಾಲದು), ವಾರದೊಳಗಿನ ರಕ್ತಪರೀಕ್ಷೆ, ಕೊನೆಯ ಕಿಮೋ ಆದ ತಾರೀಖು, ಈಗ ತಿನ್ನುತ್ತಿರುವ ಎಲ್ಲ ಗುಳಿಗೆಗಳನ್ನೂ ಅವುಗಳ ಪಟ್ಟಿ ಸಮೇತ. ಕಳೆದ ಎರಡು ದಿನ ಯಾವ ಹೊತ್ತಿಗೆ ಎಷ್ಟು ಮಾರ್ಫಿನ್ ಕೊಟ್ಟಿರಿ, ಯಾವಾಗ ನೋವು ಎದ್ದಿತು ಎಂದು ಒಂದು ಹಾಳೆಯಲ್ಲಿ ಬರೆದು ತಂದರೆ ಅರ್ಧ ಕೆಲಸ ಆದಂತೆ. ರೋಗಿಗೆ ಹೃದಯದಲ್ಲಿ ಸ್ಟೆಂಟ್ ಇದ್ದು ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುವಾಗಿಸುವ ಗುಳಿಗೆ ನಡೆದಿದ್ದರೆ ಮೊದಲೇ ಫೋನಿನಲ್ಲಿ ತಿಳಿಸಿ. ಅದನ್ನು ಐದರಿಂದ ಏಳು ದಿನ ಮೊದಲು ನಿಲ್ಲಿಸಬೇಕಾಗುತ್ತದೆ. ಆದರೆ ನೀವಾಗಿಯೇ ನಿಲ್ಲಿಸಬೇಡಿ, ಹೃದ್ರೋಗ ವೈದ್ಯರನ್ನು ಕೇಳಿ ದಿನ ಗೊತ್ತುಮಾಡಿ ತಿಳಿಸುತ್ತೇವೆ.

ಇತಿ,
ನೋವು ನಿವಾರಣೆ ಮತ್ತು ಉಪಶಾಮಕ ಆರೈಕೆಯಲ್ಲಿ ತೊಡಗಿರುವ ವೈದ್ಯರು ಹಾಗೂ ದಾದಿಯರು,
ವಿಜಯಪುರ